ಕಾಫಿ ಬೀಜಗಳಲ್ಲಿ ವಿಕಾಸದ ಗಣಿತ: ಮಾಡಿ ನೋಡುವುದು ಹೇಗೆ?

ಒಂದು ಗುಣಕ್ಕೆ ಲಾಭವೂ ನಷ್ಟವೂ ಇಲ್ಲದಿದ್ದರೂ ಅದು ಬರೀ ಆಕಸ್ಮಿಕದಿಂದ ಇಡೀ ಸಮುದಾಯದಿಂದ ಅಳಿಸಿಹೋಗಬಹುದು. ಮಕ್ಕಳಿಗೆ ಇದನ್ನು ಮನದಟ್ಟು ಮಾಡಿಸಲು ತಳಿವಿಜ್ಞಾನಿಗಳಾದ ಸೀವಾಲ್ ರೈಟ್ ಮತ್ತು ರೊನಾಲ್ಡ್ ಫಿಶರ್ ಅವರ ಹೆಸರಿನ ಮಾದರಿಯೇ ಸಾಕು. ಕೊಡಗಿನ ಮನೆಗಳಲ್ಲಿ ಅದರ ಸಾಮಗ್ರಿ ಕಣದಲ್ಲೇ ಸಿಗುತ್ತದೆ.

ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ 40 ಪಾರ್ಚ್‌ಮೆಂಟ್ ಬೀಜಗಳನ್ನು ಆರಿಸಿ, ಅರ್ಧಕ್ಕೆ ಕಪ್ಪು ಶಾಯಿ ಬಳಿಯಿರಿ. 10 ಕಪ್ಪು, 10 ಬಿಳಿ ಬೀಜಗಳನ್ನು ಚೊಂಬಿಗೆ ಹಾಕಿ: ತಲಾ ಎರಡು ಜೀನ್ ಪ್ರತಿಗಳಿರುವ ಹತ್ತು ಜೀವಿಗಳ ಸಮುದಾಯ ಇದು. ಶಾಯಿಯ ಗೊಡವೆ ಬೇಡವೆಂದು ಕೆಲವರು ಪಾರ್ಚ್‌ಮೆಂಟ್ ಜೊತೆ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಇಡೀ ಹಣ್ಣು) ಬೆರೆಸುತ್ತಾರೆ. ಹಾಗೆ ಮಾಡಲೇಬಾರದು, ಚೆರಿ ದಪ್ಪವಿರುವುದರಿಂದ ಬೆರಳು ಅದನ್ನೇ ಹುಡುಕುತ್ತದೆ, ಆಕಸ್ಮಿಕವಿರಬೇಕಾದಲ್ಲಿ ಆಯ್ಕೆ ನುಸುಳುತ್ತದೆ. ಗಾತ್ರ ಒಂದೇ ಸಮನಿಲ್ಲದ ಅಗ್ಗದ ಪ್ಲಾಸ್ಟಿಕ್ ಮಣಿಗಳದ್ದೂ ಇದೇ ದೋಷ.

ಬಹುತೇಕ ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ನೋಡದೆ ಒಂದು ಬೀಜ ತೆಗೆಯಿರಿ, ಬಣ್ಣ ಬರೆದುಕೊಳ್ಳಿ, ಬೀಜವನ್ನು ಚೊಂಬಿಗೇ ಹಿಂತಿರುಗಿಸಿ, ಚೆನ್ನಾಗಿ ಕುಲುಕಿ, ಮತ್ತೆ ತೆಗೆಯಿರಿ; ಹೀಗೆ 20 ಸಲ. ತೆಗೆದದ್ದನ್ನು ಹೊರಗಿಡುತ್ತಾ ಹೋದರೆ ಕೊನೆಗೆ ಅದೇ 10 ಕಪ್ಪು, 10 ಬಿಳಿ ಎದುರಿಗಿರುತ್ತವೆ, ವಿಕಾಸವೇ ನಡೆದಿರುವುದಿಲ್ಲ. ಒಂದು ಜೀವಿ ಲೆಕ್ಕವಿಲ್ಲದಷ್ಟು ಲಿಂಗಾಣುಗಳನ್ನು (ಅಂಡಾಣು ಅಥವಾ ವೀರ್ಯಾಣುಗಳನ್ನು) ಉತ್ಪಾದಿಸುತ್ತದೆ. ಒಂದು ಮರಿಗೆ ದಾಟಿದ ಮಾತ್ರಕ್ಕೆ ಆ ಜೀನ್ ತಂದೆ-ತಾಯಿಯಲ್ಲಿ ಮುಗಿದುಹೋಗುವುದಿಲ್ಲ. ಬೀಜವನ್ನು ಹಿಂತಿರುಗಿಸುವುದರ ಅರ್ಥ ಇದೇ, ಮಾದರಿಯ ಜೀವಾಳವೂ ಇದೇ.

ಬಂದ ಲೆಕ್ಕದಂತೆ, ಉದಾಹರಣೆಗೆ 12 ಕಪ್ಪು, 8 ಬಿಳಿ, ಚೊಂಬನ್ನು ಹೊಸದಾಗಿ ತುಂಬಿದರೆ ಎರಡನೆಯ ಪೀಳಿಗೆ ಸಿದ್ಧ. ಮೊದಲ ಪೀಳಿಗೆಯಲ್ಲಿ ನಾಲ್ಕರಲ್ಲಿ ಸುಮಾರು ಮೂರು ಸಲ ಕಪ್ಪಿನ ಸಂಖ್ಯೆ 8ರಿಂದ 12ರೊಳಗೆ ಬರುತ್ತದೆ. ಒಂದು ಬಣ್ಣ ಅಳಿಯುವವರೆಗೂ ಮುಂದುವರಿಸಿ, ಪ್ರತಿ ಪೀಳಿಗೆಯನ್ನೂ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಮೊಬೈಲ್ ಆ್ಯಪ್ ಕ್ಷಣದಲ್ಲಿ ಗೆರೆ ಎಳೆದು ತೋರಿಸುತ್ತದೆ ನಿಜ, ಆದರೆ ಮೊದಲ ಸಲ ಕೈಯಿಂದಲೇ ಮಾಡಬೇಕು.

ಒಂದು ಗುಂಪಿನ ಫಲಿತಾಂಶದಿಂದ ತೀರ್ಮಾನಕ್ಕೆ ಬರಬೇಡಿ. ಅನೇಕ ಗುಂಪುಗಳನ್ನು ಒಟ್ಟಿಗೆ ನೋಡಿದರೆ ಸುಮಾರು ಅರ್ಧದಲ್ಲಿ ಕಪ್ಪು, ಅರ್ಧದಲ್ಲಿ ಬಿಳಿ ಉಳಿಯುತ್ತದೆ. 5 ಕಪ್ಪು, 15 ಬಿಳಿಯಿಂದ ಆರಂಭಿಸಿದರೆ ಕಪ್ಪು ಗೆಲ್ಲುವ ಸಂಭವ ನಾಲ್ಕರಲ್ಲಿ ಒಂದು. ವೈವಿಧ್ಯ, ಅಂದರೆ ನೋಡದೆ ತೆಗೆದ ಎರಡು ಬೀಜಗಳ ಬಣ್ಣ ಬೇರೆಯಾಗಿರುವ ಸಂಭವ, ಸರಾಸರಿ ಪ್ರತಿ ಪೀಳಿಗೆಗೆ ಇಪ್ಪತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. 200 ಬೀಜಗಳಿದ್ದರೆ ಇನ್ನೂರರಲ್ಲಿ ಒಂದು ಪಾಲು ಮಾತ್ರ.

ಈ ಲೆಕ್ಕವನ್ನು ತೋಟಕ್ಕೆ ಅನ್ವಯಿಸುವವರು ಗಿಡ ನೋಡಿ ಅನ್ವಯಿಸಬೇಕು. ರೊಬಸ್ಟಾ ತನ್ನದೇ ಪರಾಗವನ್ನು ಒಪ್ಪದ ಕಾರಣ ಅದಕ್ಕೆ ಅಡ್ಡ ಪರಾಗಸ್ಪರ್ಶ ಬೇಕೇ ಬೇಕು. ಅರೇಬಿಕಾ ಹೆಚ್ಚಾಗಿ ಸ್ವಪರಾಗದಿಂದಲೇ ಕಾಯಿ ಕಟ್ಟುತ್ತದೆ, ಜೊತೆಗೆ ನಾಲ್ಕು ವರ್ಣತಂತು ಗುಚ್ಛಗಳ ಗಿಡ. ಯಾದೃಚ್ಛಿಕ ಕೂಡುವಿಕೆಯನ್ನು ನಂಬಿ, ಜೀನ್ ಪ್ರತಿಗಳ ಪ್ರಮಾಣದಿಂದ ಅವುಗಳ ಜೋಡಿಗಳ ಪ್ರಮಾಣವನ್ನು ಹೇಳುವ, 1908ರ ಹಾರ್ಡಿ-ವೈನ್‌ಬರ್ಗ್ ಸೂತ್ರವನ್ನು ಅರೇಬಿಕಾ ತೋಟದ ಮೇಲೆ ನೇರವಾಗಿ ಹೇರಬಾರದು.