ವಾರಕ್ಕೊಂದು ಪುಟ: ಪದವಿ ತರಗತಿಯ ಇಂಗ್ಲಿಷ್ ಕಲಿಯುವ ಕ್ರಮ

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಅಥವಾ ಯರವ ಭಾಷೆಯಾಡಿ, ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮಡಿಕೇರಿಗೋ ವಿರಾಜಪೇಟೆಗೋ ಗೋಣಿಕೊಪ್ಪಲಿಗೋ ಪದವಿಗೆಂದು ಬರುವ ವಿದ್ಯಾರ್ಥಿಗೆ ಇಂಗ್ಲಿಷ್ ಮೂರನೆಯ ಭಾಷೆ. ಅಕ್ಷರವೇ ಗೊತ್ತಿಲ್ಲವೆಂದಲ್ಲ, ರಾಜ್ಯದ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಆದರೆ ಅಲ್ಲಿ ಕೈಗೆ ಹತ್ತಿದ್ದು ಹೆಚ್ಚಾಗಿ ಪ್ರಶ್ನೋತ್ತರದ ಇಂಗ್ಲಿಷ್. ಮೊದಲ ಸೆಮಿಸ್ಟರಿನ ಸಸ್ಯಶಾಸ್ತ್ರದ್ದೋ ಅರ್ಥಶಾಸ್ತ್ರದ್ದೋ ಪುಸ್ತಕ ತೆರೆದರೆ ಐದು ಸಾಲಿನ ಒಂದೇ ವಾಕ್ಯ ಎದುರಾಗುತ್ತದೆ. ಪದಗಳು ಬಿಡಿಬಿಡಿಯಾಗಿ ಗೊತ್ತಿದ್ದರೂ ವಾಕ್ಯ ಏನು ಹೇಳುತ್ತಿದೆಯೆಂದು ತಿಳಿಯುವುದಿಲ್ಲ. ಆಗ ಅನೇಕರು ದಪ್ಪನೆಯ ವ್ಯಾಕರಣ ಪುಸ್ತಕ ಕೊಳ್ಳುತ್ತಾರೆ, ಇಲ್ಲವೇ ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಮಾತನಾಡಿಸುವ ಕೋರ್ಸಿಗೆ ಹಣ ಕಟ್ಟುತ್ತಾರೆ. ಇವೆರಡಕ್ಕಿಂತ ಅಗ್ಗವಾದ, ತುಸು ನಿಧಾನವಾದ ಕ್ರಮವೊಂದಿದೆ. ಅದಕ್ಕೆ ಬೇಕಾದದ್ದು ನಿಮ್ಮದೇ ವಿಷಯದ ಒಂದು ಪುಟ ಮತ್ತು ದಿನಕ್ಕೆ ಮುಕ್ಕಾಲು ಗಂಟೆಯಂತೆ ಒಂದು ವಾರ.

ಮೊದಲನೆಯ ಕೆಲಸ ಪುಟವನ್ನು ಆರಿಸುವುದು. ಅದರಲ್ಲಿರುವ ಸಂಗತಿ ನಿಮಗೆ ಕನ್ನಡದಲ್ಲಿ ಆಗಲೇ ಗೊತ್ತಿರಬೇಕು. ಕಾಫಿ ತೋಟದ ಮನೆಯಿಂದ ಬಂದವರಿಗೆ ಗಿಡದ ಕಾಂಡ ಕೊರೆಯುವ ದುಂಬಿಯಾದ ಬಿಳಿ ಕಾಂಡಕೊರಕದ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿದ್ದರೆ ಆ ಹುಳುವಿನ ಬಗೆಗಿನ ಪುಟವನ್ನೇ ಹಿಡಿಯಿರಿ. ಹಿಡಿದ ಪುಟದಲ್ಲಿ ಗೊತ್ತಿಲ್ಲದ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಎಣಿಸಿ. ಇತರರ ನೆರವಿಲ್ಲದೆ ಓದಿ ತಿಳಿಯಬೇಕಾದರೆ ನೂರರಲ್ಲಿ 98 ಪದಗಳು ಗೊತ್ತಿರಬೇಕು ಎಂಬುದು ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಮತ್ತು ಅವರ ಸಂಗಡಿಗರು ಕಂಡುಕೊಂಡ ಲೆಕ್ಕ. 300 ಪದಗಳ ಪುಟದಲ್ಲಿ ಆರು ಗೆರೆ ಬಿದ್ದರೆ ಅದು ಹಾಯಾಗಿ ಓದುವ ಪುಟ. ಹದಿನೈದರವರೆಗೆ ಬಿದ್ದರೆ ಕಲಿಯುವ ಪುಟ. ಮೂವತ್ತು ದಾಟಿದರೆ ನಾಚಿಕೆಪಡದೆ ಅದೇ ಸಂಗತಿಯ ಹೈಸ್ಕೂಲು ಪುಸ್ತಕಕ್ಕೆ ಇಳಿಯಿರಿ.

ಎರಡನೆಯ ಹೆಜ್ಜೆ ವಾಕ್ಯವನ್ನು ಬಿಚ್ಚುವುದು. ನನ್ನ ಅನುಭವದಲ್ಲಿ ಕನ್ನಡದ ವಿದ್ಯಾರ್ಥಿ ಎಡವುವುದು ಪದದಲ್ಲಿ ಅಲ್ಲ, ಇಲ್ಲಿ. ‘ಅರೇಬಿಕಾ ಗಿಡಗಳನ್ನು ಕಾಡುವ ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ’ ಎನ್ನುವಾಗ ದುಂಬಿಯ ಬಗೆಗಿನ ವಿವರಣೆಯೆಲ್ಲ ದುಂಬಿಗಿಂತ ಮುಂಚೆ ಬರುತ್ತದೆ, ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಇದೇ ಮಾತು ‘ದ ಬೀಟಲ್ ದಟ್ ಅಟ್ಯಾಕ್ಸ್ ಅರೇಬಿಕಾ ಪ್ಲಾಂಟ್ಸ್ ಲೇಸ್ ಇಟ್ಸ್ ಎಗ್ಸ್ ಇನ್ ದ ಕ್ರ್ಯಾಕ್ಸ್ ಆಫ್ ದ ಬಾರ್ಕ್’ ಎಂದಾಗುತ್ತದೆ. ದುಂಬಿ ಮೊದಲು ಬಂತು, ಅದರ ವಿವರಣೆ ಬಾಲದಂತೆ ಹಿಂದೆ ಅಂಟಿಕೊಂಡಿತು, ಆ ಬಾಲದಲ್ಲೂ ಒಂದು ಕ್ರಿಯಾಪದವಿದೆ. ಓದುವವನು ‘ಅಟ್ಯಾಕ್ಸ್’ ಎಂಬುದನ್ನೇ ವಾಕ್ಯದ ಕ್ರಿಯಾಪದವೆಂದು ಹಿಡಿದುಬಿಟ್ಟರೆ ‘ಲೇಸ್’ ಬಂದಾಗ ದಾರಿ ತಪ್ಪುತ್ತದೆ. ಇದಕ್ಕೆ ಉಪಾಯ ಸರಳವಾದದ್ದು: ‘ದಟ್’, ‘ವಿಚ್’, ‘ಹೂ’ ಕಂಡಲ್ಲಿ ಕಂಸ ತೆರೆಯಿರಿ, ಬಾಲ ಮುಗಿದಲ್ಲಿ ಮುಚ್ಚಿ, ಕಂಸದ ಹೊರಗೆ ಉಳಿದದ್ದನ್ನು ಮೊದಲು ಓದಿ. ದುಂಬಿ ಮೊಟ್ಟೆಯಿಡುತ್ತದೆ, ಅಷ್ಟೇ. ಯಾವ ದುಂಬಿ ಎಂಬುದು ಆಮೇಲಿನ ಪ್ರಶ್ನೆ. ದಿನಕ್ಕೆ ಐದು ವಾಕ್ಯಗಳಂತೆ ಹೀಗೆ ಕಂಸ ಹಾಕುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ಕಣ್ಣೇ ಆ ಕೆಲಸವನ್ನು ಮಾಡಿಕೊಳ್ಳತೊಡಗುತ್ತದೆ. ನಮ್ಮ ಕಾಲದಲ್ಲಿ ವ್ಯಾಕರಣದ ಹೆಸರುಗಳನ್ನು ಉರು ಹೊಡೆಸಿದರೇ ಹೊರತು ಈ ಕಂಸವನ್ನು ಯಾರೂ ತೋರಿಸಿಕೊಡಲಿಲ್ಲ.

ಮೂರನೆಯದು ಪದ. ಗೆರೆ ಎಳೆದ ಪದಗಳಲ್ಲಿ ಹತ್ತನ್ನು ಮಾತ್ರ ಆರಿಸಿಕೊಳ್ಳಿ. ಯಾವ ಹತ್ತು ಎಂಬ ಗೊಂದಲವಿದ್ದರೆ, ಆವೆರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ (ಒಂದೇ ಮೂಲದ ಪದಗಳ ಗುಂಪುಗಳ) ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ವಿಜ್ಞಾನವಿರಲಿ, ವಾಣಿಜ್ಯವಿರಲಿ, ಕಾನೂನಿರಲಿ, ಎಲ್ಲ ಪಠ್ಯಗಳಲ್ಲೂ ಮತ್ತೆ ಮತ್ತೆ ತಲೆಹಾಕುವ ಪದಗಳವು. ಆದರೆ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದರ ಜೊತೆಗಾರನ ಸಮೇತ ಬರೆದುಕೊಳ್ಳಿ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು, ಪಕ್ಕದ ಮನೆಯವರ ದನಿಯೂ ಜೋರು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’, ದನಿ ‘ಲೌಡ್’. ‘ಸ್ಟ್ರಾಂಗ್ ರೇನ್’ ಎಂದು ಬರೆದರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ, ಓದುವವರಿಗೆ ಮಾತ್ರ ಅದು ಹೊರಗಿನವರ ಮಾತೆಂದು ತಕ್ಷಣ ಗೊತ್ತಾಗುತ್ತದೆ.

ಬರೆದುಕೊಳ್ಳುವುದಕ್ಕೆ ಹಳೆಯ ಮದುವೆ ಕಾಗದಗಳ ಹಿಂಬದಿಯನ್ನು ಚೀಟಿಗಳಾಗಿ ಕತ್ತರಿಸಿಕೊಂಡರೆ ಸಾಕು. ಒಂದು ಮಗ್ಗುಲಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಕನ್ನಡ. ಶೂ ಡಬ್ಬಿಯಲ್ಲಿ ಮೂರು ಮನೆ ಮಾಡಿ, ಹೊಸ ಚೀಟಿಯನ್ನು ಮೊದಲ ಮನೆಯಲ್ಲಿಟ್ಟು ದಿನವೂ ನೋಡಿ. ನೆನಪಾದರೆ ಮೂರು ದಿನಕ್ಕೊಮ್ಮೆ ನೋಡುವ ಎರಡನೆಯ ಮನೆಗೆ, ಅಲ್ಲಿಯೂ ನೆನಪಾದರೆ ವಾರಕ್ಕೊಮ್ಮೆ ನೋಡುವ ಮೂರನೆಯದಕ್ಕೆ ದಾಟಿಸಿ. ಮರೆತ ಚೀಟಿ ಎಲ್ಲಿದ್ದರೂ ಮರಳಿ ಮೊದಲ ಮನೆಗೇ ಬರಬೇಕು. ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜರ್ಮನ್ ಭಾಷೆಯಲ್ಲಿ ವಿವರಿಸಿದ ಡಬ್ಬಿಯ ಪದ್ಧತಿಯನ್ನೇ ಇಲ್ಲಿ ಚಿಕ್ಕದು ಮಾಡಿಕೊಂಡಿದೆ. ಇದೇ ಕೆಲಸವನ್ನು ಮಾಡುವ ಮೊಬೈಲ್ ಆಪ್‌ಗಳು ಬೇಕಾದಷ್ಟಿವೆ. ಆದರೆ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ಊರಿನವರಿಗೆ ಡಬ್ಬಿಯೇ ಮೇಲು.

ಉಚ್ಚಾರಣೆಯ ಬಗ್ಗೆ ಒಂದೇ ಮಾತು. ಬ್ರಿಟಿಷರ ಹಾಗೆ ಮಾತನಾಡುವ ಅಗತ್ಯ ಯಾರಿಗೂ ಇಲ್ಲ, ಆದರೆ ಒತ್ತು ಎಲ್ಲಿ ಬೀಳುತ್ತದೆಂದು ತಿಳಿದಿರಬೇಕು. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲನೆಯ ತುಂಡಿನ ಮೇಲೆ, ‘ಫೋಟಾಗ್ರಫಿ’ಯಲ್ಲಿ ಎರಡನೆಯದರ ಮೇಲೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದರ ಮೇಲೆ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಒತ್ತಿನ ತುಂಡಿನ ಮುಂದೆ ಸಣ್ಣದೊಂದು ನಿಲುಗೆರೆ ಇರುತ್ತದೆ. ಅದನ್ನು ಚೀಟಿಯಲ್ಲೂ ಹಾಕಿಕೊಳ್ಳಿ.

ಇನ್ನು ಮಾತು. ಎಂ.ಎ. ಓದುತ್ತಿದ್ದಾಗ ನಾನು ಮೊದಲ ಸೆಮಿನಾರಿಗೆ ಹನ್ನೊಂದು ಪುಟಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎರಡನೆಯ ಪುಟದ ನಡುವೆ ಯಾರೋ ಬಾಗಿಲು ತೆರೆದರು, ಒಂದು ವಾಕ್ಯ ಕೈತಪ್ಪಿತು, ಅದರ ಹಿಂದೆಯೇ ಉಳಿದ ಒಂಬತ್ತು ಪುಟಗಳೂ ಹೋದವು. ಬಾಯಿಪಾಠದಲ್ಲಿ ಪ್ರತಿ ವಾಕ್ಯವೂ ಹಿಂದಿನದರ ಬಾಲ ಹಿಡಿದೇ ಬರುವುದರಿಂದ ಹಾಗಾಗುತ್ತದೆ. ಭಾಷಾಶಿಕ್ಷಕ ಕೀತ್ ಮಾರಿಸ್ 1983ರಲ್ಲಿ ವಿವರಿಸಿದ ಅಭ್ಯಾಸ ಇದಕ್ಕೆ ತಕ್ಕ ಮದ್ದು. ಪುಟದಲ್ಲಿರುವ ಸಂಗತಿಯನ್ನು, ಪುಟ ನೋಡದೆ, ಒಬ್ಬ ಗೆಳೆಯನಿಗೆ ನಾಲ್ಕು ನಿಮಿಷ ಹೇಳಿ. ಅದನ್ನೇ ಇನ್ನೊಬ್ಬನಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬನಿಗೆ ಎರಡು ನಿಮಿಷದಲ್ಲಿ ಹೇಳಿ. ಪ್ರತಿ ಸಲವೂ ಕೇಳುವವರು ಹೊಸಬರಾಗಿರಬೇಕು. ಕೇಳಿದವನಿಗೇ ಮತ್ತೆ ಹೇಳುವಾಗ ನಾಲಿಗೆಗೆ ಹುರುಪಿರುವುದಿಲ್ಲ. ಮೊದಲ ಸಲ ‘ಬಾರ್ಕ್’ ಎಂಬ ಪದಕ್ಕಾಗಿ ತಡಕಾಡಿದವಳು ಮೂರನೆಯ ಸಲ ಅದನ್ನು ದಾಟಿ ಹುಳು ಮರದೊಳಗೆ ಹೇಗೆ ಸುರಂಗ ಕೊರೆಯುತ್ತದೆಂದು ಹೇಳತೊಡಗುತ್ತಾಳೆ. ಹಾಸ್ಟೆಲಿನಲ್ಲಿ ಮೂವರು ಸಿಗುವುದು ಕಷ್ಟವಲ್ಲ. ಊರಿನಿಂದ ದಿನವೂ ಬಸ್ಸಿನಲ್ಲಿ ಓಡಾಡುವವರು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು, ಆದರೆ ಕಣ್ಣೆದುರು ತಲೆದೂಗುವ ಮುಖದ ಮುಂದೆ ಅದು ಸಪ್ಪೆ.

ವಾರದ ಕೊನೆಗೆ ಅದೇ ಸಂಗತಿಯ ಬಗ್ಗೆ ಹತ್ತು ಸಾಲು ಬರೆಯಿರಿ. ಬರೆದ ಮೇಲೆ ಹುಡುಕಬೇಕಾದ ತಪ್ಪುಗಳು ಮೂರೇ. ‘ಬಂದಳು’ ಎಂದರೆ ನಮಗೆ ಕರ್ತೃಪದ ಬೇಕಾಗುವುದಿಲ್ಲ, ಇಂಗ್ಲಿಷಿನಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಏಕವಚನದ ದುಂಬಿಯ ಜೊತೆ ಬರುವ ವರ್ತಮಾನ ಕ್ರಿಯಾಪದಕ್ಕೆ ‘ಎಸ್’ ಹತ್ತಿದೆಯೇ ನೋಡಬೇಕು. ‘ಯೆಸ್ಟರ್ಡೇ’ ಇರುವ ವಾಕ್ಯದಲ್ಲಿ ‘ಹ್ಯಾವ್ ಸೀನ್’ ಎಂದು ಬರೆದಿದ್ದರೆ ಅದನ್ನು ‘ಸಾ’ ಎಂದು ತಿದ್ದಬೇಕು. ಉಳಿದ ತಪ್ಪುಗಳನ್ನು ಸದ್ಯಕ್ಕೆ ಬಿಡಿ. ಕೃತಕ ಬುದ್ಧಿಮತ್ತೆಯಿಂದ ತಿದ್ದಿಸಿಕೊಳ್ಳುವುದಾದರೆ ನೀವು ಬರೆದಾದ ಮೇಲೆ ತಿದ್ದಿಸಿ, ಬದಲಾದ ಸಾಲುಗಳನ್ನು ಕೈಯಾರೆ ನಕಲು ಮಾಡಿ. ಅದರಿಂದಲೇ ಬರೆಸಿದರೆ ಇಂಗ್ಲಿಷ್ ಅಭ್ಯಾಸವಾದದ್ದು ಅದಕ್ಕೆ, ನಿಮಗಲ್ಲ.

ಏಳನೆಯ ದಿನ ಪುಟವನ್ನು ಮುಚ್ಚಿಟ್ಟು ಅದರ ಸಾರವನ್ನು ಎರಡು ನಿಮಿಷ ತಡೆಯಿಲ್ಲದೆ ಹೇಳಲು ಬಂದರೆ ಮುಂದಿನ ಪುಟಕ್ಕೆ ಹೋಗಿ. ಬಾರದಿದ್ದರೆ ಇನ್ನೂ ಮೂರು ದಿನ ಅದೇ ದುಂಬಿಯ ಜೊತೆಗಿರಿ.