ಬತ್ತಿ ಬಿಟ್ಟು ಮಶ್ರೂಮ್ ಹಿಡಿದೆ

ನಮ್ಮ ಪಂಕ್ಚರ್ ಅಂಗಡಿ ಕಲಬುರಗಿಯ ಆಳಂದ ಚೆಕ್‌ಪೋಸ್ಟ್ ಕಡೆ. ತೊಗರಿ ಕೊಯ್ಲು ಶುರುವಾದರೆ ನನಗೆ ಪುರುಸೊತ್ತಿಲ್ಲ. ಹೊಲದಲ್ಲಿ ಉಳಿದ ಕೂಳೆ ಚೂಪಾಗಿ ನಿಂತಿರುತ್ತದೆ. ಜಾಲಿ ಮುಳ್ಳಿನ ತೂತು ಸಣ್ಣದು, ಕೂಳೆ ಹೊಕ್ಕರೆ ಹರಿದ ತೂತು. ಹಿಂದೊಮ್ಮೆ ಟ್ಯೂಬ್‌ಲೆಸ್ ಟೈರಿನ ಅಂಥ ತೂತಿಗೇ ನಾನು ಹೊರಗಿಂದ ತುರುಕಿದ್ದ ರಬ್ಬರ್ ಬತ್ತಿ ಮೇ ತಿಂಗಳ ಬಿಸಿಲಲ್ಲಿ, ಜೇವರ್ಗಿ ರಸ್ತೆಯಲ್ಲಿ ಕಿತ್ತು ಬಂತು. ಗಾಡಿ ಮೇಲೆ ಗಂಡ, ಹೆಂಡತಿ, ಕೂಸು. ಬೀಳದೆ ನಿಲ್ಲಿಸಿದ್ದು ಅವರ ಪುಣ್ಯ. ಅವತ್ತೇ ಟೈರ್ ಕಿತ್ತು ಒಳಗಿಂದ ಮಶ್ರೂಮ್ ಪ್ಯಾಚ್, ಅಂದರೆ ಅಣಬೆಯಂತೆ ಕಾಂಡವಿರುವ ರಬ್ಬರ್ ತೇಪೆ, ಹಾಕಬೇಕು ಅಂತ ತೀರ್ಮಾನಿಸಿದೆ.

ಪಕ್ಕದ ಅಂಗಡಿಯ ಕಾಕಾ ಅಂದರು, "ಏ ತಮ್ಮಾ, ಎರಡ ಮಿನಿಟಿನ ಕೆಲಸಕ್ಕ ಅರ್ಧ ತಾಸ್ ಹಚ್ಚಿದ್ರ ಗಿರಾಕಿ ನಿಂದ್ರತಾರೇನು?" ಡ್ರಿಲ್, ಬಿಟ್, ರೋಲರ್ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಮೊದಲ ತಿಂಗಳು ಹಾಕಿದ ಹದಿನೈದರಲ್ಲಿ ಆರು ವಾಪಸ್ ಬಂದವು. ದುಡ್ಡೂ ವಾಪಸ್ ಕೊಟ್ಟೆ.

ತಪ್ಪು ಎರಡು ಕಡೆ ಇತ್ತು. ಟೈರ್ ಒಳಮೈಗೆ ಮೇಣದಂಥ ಜಿಡ್ಡು ಇರುತ್ತದೆ, ಅದನ್ನು ನಾನು ಪೂರ್ತಿ ತೆಗೆಯುತ್ತಿರಲಿಲ್ಲ. ಉಜ್ಜುವಾಗ ಜೋರಾಗಿ ಡ್ರಿಲ್ ಬಿಟ್ಟರೆ ರಬ್ಬರ್ ಸುಟ್ಟು ನುಣುಪಾಗುತ್ತದೆ, ಪ್ಯಾಚ್ ಹಿಡಿಯುವುದಿಲ್ಲ. ನಿಧಾನ ತಿರುಗಿಸಿ ಮಖಮಲ್ಲಿನಂತೆ ಒರಟು ಮಾಡಬೇಕು, ರಬ್ಬರಿನೊಳಗಿನ ದಾರ ಕಾಣಬಾರದು. ಇನ್ನೊಂದು ಸುಲ್ಯೂಷನ್, ಅಂದರೆ ಪ್ಯಾಚ್ ಹಿಡಿಸುವ ಅಂಟು. ಹಸಿ ಇದ್ದಾಗಲೇ ಅಂಟಿಸುತ್ತಿದ್ದೆ. ಬೇಸಿಗೆಯಲ್ಲಿ ಎರಡು ಮೂರು ನಿಮಿಷ, ಚಳಿಯಲ್ಲಿ ಏಳೆಂಟು ನಿಮಿಷ ಬಿಟ್ಟು ಬೆರಳ ಹಿಂಬದಿಯಿಂದ ಮುಟ್ಟಿ ನೋಡುತ್ತೇನೆ. ಅಂಟಬೇಕು, ಎಳೆ ಬರಬಾರದು. ಆಮೇಲೆ ಪ್ಯಾಚಿನ ಕಾಂಡವನ್ನು ತೂತಿನಿಂದ ಹೊರಗೆಳೆದು, ನಡುವಿನಿಂದ ಅಂಚಿಗೆ ರೋಲರ್ ಒತ್ತಬೇಕು. ಬ್ರೇಕ್ ಡಿಸ್ಕಿಗೆ ಗೀರು ಬೀಳದಂತೆ ಬೀಡ್, ಅಂದರೆ ರಿಮ್ಮಿಗೆ ಕೂತ ಟೈರಿನ ಅಂಚು, ಬಿಡಿಸುವ ನನ್ನ ಉಪಾಯವೊಂದಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ನಡುವೆ ಟ್ಯೂಬ್ ಟೈರಿಗೂ ಒಂದು ಪ್ರಯೋಗ ಮಾಡಿದೆ. ಹಳೇ ಟ್ಯೂಬ್ ಸೀಳಿ ಒಳಗೆ ಅಸ್ತರ್ ಕೊಟ್ಟೆ. ಮುಳ್ಳು ತಡೆಯಿತು, ನಿಜ. ಆದರೆ ಹದಿನೈದು ದಿನದಲ್ಲಿ ಅಸ್ತರಿನ ಅಂಚೇ ಉಜ್ಜಿ ಹೊಸ ಟ್ಯೂಬನ್ನು ತೂತು ಮಾಡಿತು. ಬಿಟ್ಟೆ.

ಈಗ ಇನ್ನೂರರ ಮೇಲೆ ಹಾಕಿದ್ದೇನೆ, ವಾಪಸ್ ಬಂದದ್ದು ನಾಲ್ಕೋ ಐದೋ. ಈ ಸುತ್ತಿನಲ್ಲಿ ಇಷ್ಟು ಗಟ್ಟಿ ಕೆಲಸ ಬೇರೆ ಕಡೆ ಸಿಗುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಬತ್ತಿಗೆ 80 ರೂಪಾಯಿ ಇತ್ತು, ಇದಕ್ಕೆ 250. ಕಾಕಾ ಈಗ ದೊಡ್ಡ ತೂತಿನ ಗಾಡಿಗಳನ್ನು ನನ್ನ ಕಡೆಗೇ ಕಳಿಸುತ್ತಾರೆ.

ಟೈರಿನ ಬಗಲಿಗೆ ತೂತಾಗಿದ್ದರೆ, ಅಥವಾ ತೂತು 6 ಮಿಲಿಮೀಟರ್ ದಾಟಿದ್ದರೆ ಮುಟ್ಟುವುದಿಲ್ಲ. ಟೈರ್ ಕಿತ್ತಾಗ ಒಳಗೆ ಕರೀ ರಬ್ಬರ್ ಪುಡಿ ಉದುರಿದರೆ ಹವಾ ಇಲ್ಲದೆ ಓಡಿಸಿದ್ದಾರೆ ಎಂದರ್ಥ. ಗಿರಾಕಿ ಎಷ್ಟೇ ಬೇಡಿಕೊಂಡರೂ ಹೊಸದೇ ತನ್ನಿ ಅನ್ನುತ್ತೇನೆ. ತಂದ ಟೈರಿನ ಬಗಲಲ್ಲಿ ಮೊದಲು ನಾಲ್ಕು ಅಂಕಿ ಹುಡುಕುತ್ತೇನೆ, 2319 ಇದ್ದರೆ 2019ರ 23ನೇ ವಾರದಲ್ಲಿ ತಯಾರಾದ ಹಳೇ ಮಾಲು. ಅಂಥದನ್ನು ಅಲ್ಲಿಂದಲೇ ಅಂಗಡಿಗೆ ತಿರುಗಿ ಕಳಿಸುತ್ತೇನೆ.