ಸ್ಟ್ಯಾಂಡ್‌ಬೈ ಕೆಟ್ಟರೆ ಮುಖ್ಯ ಸರ್ವರ್ ಏಕೆ ನಿಂತಿತು?

ರಾಯಚೂರಿನ ಅಕ್ಕಿ ಗಿರಣಿಯೊಂದರ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಗಂಗಾವತಿ ಶಾಖೆಯಲ್ಲಿ ಮುಖ್ಯ ಸರ್ವರಿನ ಪ್ರತಿಯನ್ನು ಇಟ್ಟುಕೊಳ್ಳುವ ಸ್ಟ್ಯಾಂಡ್‌ಬೈ ಸರ್ವರ್ ಇದೆ. ಭತ್ತದ ಸುಗ್ಗಿಯಲ್ಲಿ, ತೂಕದ ಚೀಟಿಗಳು ಬರುತ್ತಲೇ ಇದ್ದಾಗ, ಮುಖ್ಯ ಸರ್ವರಿನ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಯಿತು. ಜಾಗವನ್ನೆಲ್ಲ ಪ್ರತಿ ಬದಲಾವಣೆಯ ದಾಖಲೆ (ಲಾಗ್) ಬರೆದಿಡುವ ಪಿಜಿ_ವಾಲ್ ಫೋಲ್ಡರ್ ನುಂಗಿತ್ತು. ಗಂಗಾವತಿಯ ಯಂತ್ರ ಕೆಟ್ಟು ಸಂಪರ್ಕ ಕಡಿದಿದ್ದರೂ ಮುಖ್ಯ ಸರ್ವರಿನಲ್ಲಿ ಅದರ ರೆಪ್ಲಿಕೇಶನ್ ಸ್ಲಾಟ್ (ಆ ಯಂತ್ರ ಎಲ್ಲಿಯವರೆಗೆ ಲಾಗ್ ಪಡೆದಿದೆ ಎಂಬ ಗುರುತು) ಹಾಗೆಯೇ ಉಳಿದು, ಆ ಯಂತ್ರಕ್ಕೆ ಇನ್ನೂ ತಲುಪದ ಲಾಗ್ ಕಡತಗಳನ್ನೆಲ್ಲ ಹಿಡಿದಿಟ್ಟಿತ್ತು. ಅವುಗಳನ್ನು ಕೈಯಾರೆ ಅಳಿಸಲೇಬಾರದು, ಏಕೆಂದರೆ ಡೇಟಾಬೇಸ್ ಚೇತರಿಸಿಕೊಳ್ಳಲು ಅವೇ ಆಧಾರ. ಡಿಸ್ಕಿನ ಜಾಗ ಹೆಚ್ಚಿಸಿ, ಡೇಟಾಬೇಸ್ ಶುರುಮಾಡಿ, ಸ್ಲಾಟ್ ತೆಗೆದು ಚೆಕ್‌ಪಾಯಿಂಟ್ (ಬದಲಾವಣೆಗಳನ್ನೆಲ್ಲ ಡೇಟಾಬೇಸಿನ ಮೂಲ ಕಡತಗಳಿಗೆ ಬರೆಸುವ ಆದೇಶ) ಕೊಟ್ಟ ಮೇಲೆ ಫೋಲ್ಡರ್ ಕರಗಿತು. ಸ್ಟ್ಯಾಂಡ್‌ಬೈಯನ್ನು ಇಡೀ ಡೇಟಾಬೇಸಿನ ನಕಲು ತೆಗೆಯುವ ಪಿಜಿ_ಬೇಸ್‌ಬ್ಯಾಕಪ್‌ನಿಂದ ಹೊಸದಾಗಿ ಕಟ್ಟಿದೆವು. ಸ್ಲಾಟ್ ಎಷ್ಟು ಲಾಗ್ ಹಿಡಿದಿಡಬಹುದೆಂದು ಹೇಳುವ, ಪೋಸ್ಟ್‌ಗ್ರೆಸ್ 13ನೇ ಆವೃತ್ತಿಯಿಂದ ಇರುವ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಸೆಟ್ಟಿಂಗ್ ನಾವಾಗಿ ಬದಲಿಸದಿದ್ದರೆ -1, ಅಂದರೆ ಮಿತಿಯೇ ಇಲ್ಲ. ಈಗ ಅದನ್ನು 20 ಜಿಬಿ ಎಂದು ನಿಗದಿಪಡಿಸಿದ್ದೇವೆ. ಆ ಮಿತಿ ಮೀರಿದರೆ ಸ್ಟ್ಯಾಂಡ್‌ಬೈಯನ್ನು ಮತ್ತೆ ಕಟ್ಟಬೇಕಾದೀತು, ಆದರೆ ಗಿರಣಿಯ ತೂಕದ ಲೆಕ್ಕ ನಿಲ್ಲುವುದಿಲ್ಲ.